ಕುಡಚಿಯ ಮಿಸ್ತ್ರಿ ರುಚಿ ನೋಡಿದ ಡೀಸೆಲ್

ನನ್ನ ಡೀಸೆಲ್ ವ್ಯಾನಿಗೆ ನಾನೇ ಒಡತಿ, ನಾನೇ ಡ್ರೈವರ್. ಅಂಕಲಿ ಸುತ್ತಲಿನ ತೋಟದ ಮನೆಗಳಿಂದ ಹನ್ನೊಂದು ಹುಡುಗಿಯರನ್ನು ಚಿಕ್ಕೋಡಿಯ ಕಾಲೇಜಿಗೆ ಬಿಟ್ಟು, ಸಂಜೆ ವಾಪಸ್ ಕರೆತರುವುದು ನನ್ನ ಕೆಲಸ. ಆ ಮಣ್ಣು ದಾರಿಗೆ ಬಸ್ಸು ಬರುವುದಿಲ್ಲ. ಗಾಡಿ ಓಡಿಸುವವಳು ಹೆಂಗಸು ಅಂತ ಗೊತ್ತಾದ ಮೇಲೆಯೇ ಅವರಪ್ಪಂದಿರು ಕಾಲೇಜಿಗೆ ಹೂಂ ಅಂದಿದ್ದರು. ಹಾಗಾಗಿ ಗಾಡಿ ನಿಂತರೆ ಹುಡುಗಿಯರ ಓದೂ ನಿಂತ ಹಾಗೆಯೇ. ಎರಡನೇ ಪಿಯುಸಿ ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಅದು ನಿಂತೇಬಿಟ್ಟಿತು.

ಊರ ಗ್ಯಾರೇಜಿನವನು ಡೀಸೆಲ್ ಫಿಲ್ಟರ್ ಬದಲಿಸಿದ. ಎರಡು ದಿನ ಓಡಿ ಮತ್ತೆ ದಮ್ಮು ಕಳೆದುಕೊಂಡಿತು. "ಇಂಜಿನ್ ಇಳಸಬೇಕ್ರಿ ಅಕ್ಕಾರ, ತಿಂಗಳು ಹಿಡಿತೈತಿ" ಅಂದುಬಿಟ್ಟ.

ನನಗೆ ತಲೆ ಕೆಟ್ಟಿತು. ಇಂಜಿನ್ ಆಯಿಲ್ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಈ ಸೀಮೆಯಲ್ಲೇ ಇಲ್ಲ ಎಂಬ ಜಂಬ ನನ್ನದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಆಯಿತೋ, ಅವತ್ತೇ ಬದಲಿ. ನನ್ನ ತಪ್ಪಿಲ್ಲ ಅಂದಮೇಲೆ ತಪ್ಪು ಡೀಸೆಲ್ಲಿನದೇ ಅಲ್ಲವೇ? ನೆಟ್ಟಗೆ ಬಂಕಿಗೆ ಹೋದೆ. ಅಲ್ಲಿ ಡೀಸೆಲ್ ಹಾಕುವವನನ್ನು ಹತ್ತು ಜನರ ಎದುರು, "ಏನೇನ್ ಕಲಸ್ತೀರೋ ಇದಕ್ಕ?" ಅಂತ ಹಿಗ್ಗಾಮುಗ್ಗಾ ಬೈದು ಬಂದೆ.

ಅಷ್ಟರಲ್ಲಿ ಒಬ್ಬ ಹುಡುಗಿಯ ಅಪ್ಪ ಫೋನು ಮಾಡಿದ. "ಮುಂದಿನ ವರ್ಷ ಬರೀತಾಳ ಬಿಡ್ರಿ, ಏನ್ ಅವಸರ ಐತಿ?" ಮುಂದಿನ ವರ್ಷ ಅವಳ ಪಾಲಿಗೆ ಬರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕುಡಚಿಯಲ್ಲಿ ಒಬ್ಬ ಹಳೆಯ ಇಂಜಿನ್ ಮಿಸ್ತ್ರಿ ಇದ್ದಾರೆ, ಅವರಿಗೊಮ್ಮೆ ತೋರಿಸು ಅಂತ ನನ್ನ ಅತ್ತೆ ಹೇಳಿದರು. ನಿಂತು ನಿಂತು, ದಾರಿಯುದ್ದಕ್ಕೂ ದೇವರನ್ನೆಲ್ಲ ನೆನೆಯುತ್ತ ಹೇಗೋ ಮುಟ್ಟಿದೆ. ಎಪ್ಪತ್ತು ದಾಟಿದ ಮುದುಕ. ಕಂಪ್ಯೂಟರಿಲ್ಲ, ಬೋರ್ಡಿಲ್ಲ, ಒಂದು ಬೇವಿನ ಮರದ ನೆರಳು ಅಷ್ಟೇ. ನನಗೆ ಅರ್ಧ ಧೈರ್ಯ ಅಲ್ಲೇ ಹೋಯಿತು.

ಅವರು ಆಯಿಲ್ ಅಳೆಯುವ ಕಡ್ಡಿ ಎಳೆದು, ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸಿದರು.

"ತಂಗೆವ್ವಾ, ಮನಿ ಮನಿ ಮುಂದ ಇಂಜಿನ್ ಚಾಲೂ ಇಟ್ಟು ನಿಲ್ಲತೀಯೇನು?"

ನಿಲ್ಲುತ್ತಿದ್ದೆ. ಒಬ್ಬಳ ಜಡೆ ಮುಗಿದಿರುವುದಿಲ್ಲ, ಇನ್ನೊಬ್ಬಳ ರೊಟ್ಟಿ ಕಟ್ಟಿರುವುದಿಲ್ಲ.

"ಗಾಡಿ ನಿಂತಲ್ಲೇ ಭಾಳ ಓಡೈತಿ. ಅದನ್ನ ಕಿಲೋಮೀಟರ್ ಹೇಳೂದಿಲ್ಲ, ಆಯಿಲ್ ಹೇಳತೈತಿ. ಡೀಸೆಲ್ ಇಳದು ತೆಳ್ಳಗಾಗೈತಿ ನೋಡು. ನೀ ಪುಸ್ತಕದಾಗ ಬರದ ಅರ್ಧಕ್ಕ ಬದಲಿ ಮಾಡಬೇಕು. ಆದ್ರ ಈಗಿನ ರೋಗ ಇದಲ್ಲ."

ನಾನು ದಂಗಾದೆ. ಆ ಮನುಷ್ಯ ನನ್ನನ್ನಾಗಲಿ, ಗಾಡಿಯನ್ನಾಗಲಿ ಹಿಂದೆಂದೂ ಕಂಡವರಲ್ಲ.

ಆಮೇಲೆ ಡೀಸೆಲ್ ಫಿಲ್ಟರಿನಲ್ಲಿದ್ದುದನ್ನು ಗಾಜಿನ ಲೋಟಕ್ಕೆ ಬಸಿದು, ಚಹಾ ಕುಡಿದು ಮುಗಿಸುವ ತನಕ ಅದನ್ನು ಅಲುಗಾಡದಂತೆ ಇಟ್ಟರು. ತಳದಲ್ಲಿ ಕಂದು ಬಣ್ಣದ ಪದರ ಕೂತಿತು. ಅದನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ, ಪಕ್ಕಕ್ಕೆ ಉಗುಳಿದರು.

"ಮನ್ಯಾಗ ಕಬ್ಬಿನ ಗಾಣ ಐತೇನು? ಕಾಕವಿ ತುಂಬಿದ ಕ್ಯಾನಿಗೆ ಡೀಸೆಲ್ ಹಾಕೀರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಂಕು ದೂರ ಅಂತ ನಾವು ತೋಟದವರು ಡೀಸೆಲ್ಲನ್ನು ಕ್ಯಾನಿನಲ್ಲಿ ತಂದಿಡುವುದು ರೂಢಿ. ಆ ತಿಂಗಳು ಹಳೆಯ ಕ್ಯಾನು ಒಡೆದಿತ್ತು. ಹೋದ ಸುಗ್ಗಿಯಲ್ಲಿ ಕಾಕವಿ, ಅಂದರೆ ಬೆಲ್ಲ ಕಟ್ಟುವ ಮೊದಲಿನ ಪಾಕ, ತುಂಬಿಟ್ಟಿದ್ದ ಕ್ಯಾನನ್ನು ನಾನೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗುವ ಮೊದಲೇ ಬಂಕಿಗೆ ಒಯ್ದಿದ್ದೆ. ಮೂಲೆಯಲ್ಲಿ ಉಳಿದ ಪಾಕ, ತೊಳೆದ ನೀರು ಎರಡೂ ಟಾಕಿಯ ತಳ ಸೇರಿದ್ದವು.

"ಇಂಜಿನ್ ಗಟ್ಟಿ ಐತಿ. ಟಾಕಿ ಇಳಿಸಿ ತೊಳ್ಯೂಣು. ಸಂಜೀತನಕ ಕುಂದರು."

"ಚಾಚಾ, ಇದು ನಿಮ್ಮ ನಾಲಿಗಿಗೆ ಹ್ಯಾಂಗ ಗೊತ್ತಾತ್ರಿ?"

"ನಾ ಕೆಲಸ ಕಲಿಯೂವಾಗ ಗಾಣದ ಇಂಜಿನ್ ಒಂದು ಹಿಂಗ ಕೆಡಿಸಿದ್ದೆ. ಆ ರುಚಿ ಇನ್ನೂ ಹೋಗಿಲ್ಲ."

ಸಂಜೆಯವರೆಗೆ ಆ ಕೈಗಳನ್ನೇ ನೋಡುತ್ತ ಕೂತೆ. ಓದಿದವರು, ದೊಡ್ಡವರು ಎಷ್ಟೋ ಜನರನ್ನು ಕಂಡಿದ್ದೇನೆ; ಅಷ್ಟು ಗೌರವ ಯಾರ ಮೇಲೂ ಹುಟ್ಟಿರಲಿಲ್ಲ. ವಾಪಸಾಗುವಾಗ ಬಂಕಿನವನಿಗೆ ಕೈಮುಗಿದು ತಪ್ಪೊಪ್ಪಿಕೊಂಡೆ. ಹನ್ನೊಂದು ಅಪ್ಪಂದಿರಿಗೂ ಫೋನು ಮಾಡಿ, ತಪ್ಪು ನನ್ನದೇ, ಗಾಡಿ ನಾಳೆ ಬರುತ್ತದೆ ಅಂದೆ.

ಪರೀಕ್ಷೆಯ ಬೆಳಿಗ್ಗೆ ಹನ್ನೊಂದೂ ಹುಡುಗಿಯರು ಹತ್ತಿದರು. ಚಿಕ್ಕೋಡಿಯ ಏರು ಬಂತು. ಗಾಡಿ ಒಂದಿಷ್ಟೂ ಕುಂಟದೆ ಏರುತ್ತಿದ್ದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಮುಂದಿನ ವರ್ಷ ಬರೆಯುತ್ತಾಳೆ ಅನ್ನಿಸಿಕೊಂಡಿದ್ದ ಹುಡುಗಿ ಕನ್ನಡಿಯಲ್ಲಿ ಅದನ್ನು ಕಂಡಳು. ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದಳು: "ಅಂಜಬ್ಯಾಡ್ರಿ ಅಕ್ಕಾ, ನಾವು ಚಲೋ ಬರೀತೀವಿ."