ಮರೆಪ್ಪನ ಗೋಲುಗಳೂ ನಮ್ಮ ನೀರಿನ ಪಾಳಿಯೂ

ನಮ್ಮ ಕಡೆ ಬಿಸಿಲು ಏರಿದಂತೆಲ್ಲ ಮರೆಪ್ಪನ ಗೋಲುಗಳೂ ಏರುತ್ತಿದ್ದವು. ಹಲವು ವರ್ಷ ಗಮನಿಸಿ ಹೇಳುತ್ತಿರುವ ಮಾತಿದು. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಯಾರಿಗೂ ಕಾಲುವೆಯ ನೆನಪೇ ಇಲ್ಲದಿರುವಾಗ, ಅವನು ಹಿಂದೊಮ್ಮೆ ಹೈದರಾಬಾದಿನ ತಂಡದ ಮೇಲೆ ಹೊಡೆದ ಗೋಲು ಜನರ ಬಾಯಲ್ಲಿ ಎರಡು. ಸಂಕ್ರಾಂತಿ ಕಳೆದು ಎರಡನೆಯ ಬೆಳೆಗೆ ನೀರು ಬೇಕಾದಾಗ ಮೂರು. ಶಿವರಾತ್ರಿಗೆ ಐದು. ಒಮ್ಮೆ ಯುಗಾದಿಯ ಎದುರಿಗೆ, ಭತ್ತದ ಗದ್ದೆ ಬಿರಿಯತೊಡಗಿದಾಗ, ಒಬ್ಬ ರೈತ ಅದನ್ನು ಏಳರ ತನಕ ಒಯ್ದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಇದರಲ್ಲಿ ಗುಟ್ಟೇನೂ ಇಲ್ಲ. ಫುಟ್ಬಾಲ್ ಬಿಟ್ಟ ಮೇಲೆ ಮರೆಪ್ಪ ನಮ್ಮ ಕಾಲುವೆಯ ಗೇಟು ತೆರೆದು ಮುಚ್ಚುವ ನೌಕರನಾಗಿದ್ದ.

ನಾನೂ ಅವನ ಅಭಿಮಾನಿಯೇ. ಶಹಾಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದ ನನಗೆ ಅದೇ ಕಾಲುವೆಯ ತುದಿಯಲ್ಲಿ ನಾಲ್ಕು ಎಕರೆ ಜಮೀನಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ನನ್ನ ಅಭಿಮಾನವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ನೀವೇ ತೀರ್ಮಾನಿಸಿಕೊಳ್ಳಬಹುದು.

ಕಾಲುವೆಯಲ್ಲಿ ನೀರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮಲ್ಲಿಗೆ ಫುಟ್ಬಾಲ್ ಬಂದಿತ್ತು. ಮಣ್ಣು ಅಗೆಯುವ ಯಂತ್ರಗಳು ಬಂದವು, ಅವನ್ನು ನಡೆಸಲು ಕೇರಳದ ಕಡೆಯ ಡ್ರೈವರುಗಳು ಬಂದರು, ಅವರ ಟ್ರಂಕಿನಲ್ಲಿ ಒಂದು ಚೆಂಡೂ ಬಂತು. ನಮ್ಮ ಹಿರಿಯರಿಗೆ ಗೊತ್ತಿದ್ದದ್ದು ಕುಸ್ತಿ, ಕಬಡ್ಡಿ, ಗುಂಡು ಎತ್ತುವ ಪಂದ್ಯ. ಕೈಯಲ್ಲಿ ಹಿಡಿಯಲು ಬರುವ ವಸ್ತುವನ್ನು ಕಾಲಿನಿಂದ ಒದೆಯುವುದು ಅವರಿಗೆ ಯಾಕೋ ಮರ್ಯಾದೆಯಾಗಿ ಕಾಣಲಿಲ್ಲ. ಆದರೂ ಸಂಜೆ ಆ ಡ್ರೈವರುಗಳ ಕ್ಯಾಂಪಿನ ಬಯಲಿಗೆ ಹೋಗಿ ನಿಂತು ನೋಡುತ್ತಿದ್ದರು. ಮರ್ಯಾದೆಯಲ್ಲದ್ದನ್ನು ನೋಡಲು ಜನ ಯಾವಾಗಲೂ ಸೇರುತ್ತಾರಷ್ಟೆ.

ಮರೆಪ್ಪ ಕಕ್ಕೇರಾ ಕಡೆಯ ಕುರಿ ಸಾಕುವ ಮನೆಯವನು. ಕ್ಯಾಂಪಿನ ಬದಿಗೆ ಕುರಿ ಬಿಟ್ಟುಕೊಂಡು ನಿಲ್ಲುತ್ತಿದ್ದವನು ಒಂದು ದಿನ ಹಿಂಡಿನೊಳಗೆ ಬಂದು ಬಿದ್ದ ಚೆಂಡನ್ನು ಬರಿಗಾಲಿನಿಂದ ತಿರುಗಿ ಒದ್ದ. ಅದು ಎಲ್ಲಿ ಬೇಕೋ ಅಲ್ಲಿಗೇ ಹೋಯಿತು. ಡ್ರೈವರುಗಳು ಅವನನ್ನು ಕರೆದು ಆಟಕ್ಕೆ ಹಚ್ಚಿದರು. ಕುರಿ ಕಾಯುವವನಿಗೆ ಓಟ ಹೊಸದಲ್ಲ. ಯಾವುದು ಯಾವ ಕಡೆ ನುಗ್ಗುತ್ತದೆಂದು ಅದು ನುಗ್ಗುವ ಮೊದಲೇ ತಿಳಿದುಕೊಳ್ಳುವುದೂ ಹೊಸದಲ್ಲ. ಎರಡು ವರ್ಷದಲ್ಲಿ ಅವನು ಕಾಲುವೆ ಇಲಾಖೆಯ ತಂಡದ ಮುಖ್ಯ ಆಟಗಾರನಾದ. ಮುಂದೆ ರಾಜ್ಯದ ಪರವಾಗಿಯೂ ಎರಡು ಸಲ ಆಡಿದ. ಪತ್ರಿಕೆಯಲ್ಲಿ ಬಂದ ಅವನ ಫೋಟೊ ಸುರಪುರ, ಯಾದಗಿರಿಗಳ ಕ್ಷೌರದಂಗಡಿಗಳಲ್ಲಿ ಕನ್ನಡಿಯ ಪಕ್ಕ ಬಹಳ ಕಾಲ ಇತ್ತು. ಹನ್ನೊಂದು ವರ್ಷ ಆಡಿದ ಮೇಲೆ ಮೊಣಕಾಲು ತಿರುಚಿತು. ಯಾರ್ಯಾರೋ ಕಟ್ಟು ಹಾಕಿದರು. ಎಲುಬು ಕೂಡಿತು, ಆಟ ಕೂಡಲಿಲ್ಲ. ಆಟದ ಮೇಲೆ ಇಲಾಖೆಯಲ್ಲಿ ಸಿಕ್ಕಿದ್ದ ನೌಕರಿ ಉಳಿಯಿತು. ಹೀಗೆ ಅವನ ಕೈಗೆ ಗೇಟಿನ ಚಾವಿ ಬಂತು.

ಅಭಿಮಾನಿ ಎಂಬ ಸಂಸ್ಕೃತದ ಮಾತು ನಮ್ಮ ಕಡೆ ಭಾಷಣದಲ್ಲಷ್ಟೇ ಉಂಟು. ಬಾಯಿಮಾತಿನಲ್ಲಿ ಎಲ್ಲರೂ ಫ್ಯಾನ್ ಅನ್ನುತ್ತಾರೆ. ಮೇಲೆ ತೂಗುವ ಫ್ಯಾನ್ ಕರೆಂಟಿದ್ದರೆ ತಿರುಗುತ್ತದೆ. ಮರೆಪ್ಪನ ಫ್ಯಾನುಗಳು ನೀರಿದ್ದರೆ ತಿರುಗುತ್ತಿದ್ದರು. ಇದನ್ನು ಕೀಳು ಎಂದು ನಾನು ಹೇಳಲಾರೆ, ಇದಕ್ಕೆ ಬಹಳ ಹಳೆಯ ಮನೆತನವಿದೆ. ನಮ್ಮ ಸೀಮೆಯ ಹಾಳು ಗುಡಿಗಳ ಮುಂದೆ ನಿಂತಿರುವ ಶಾಸನಗಳನ್ನು ಓದಿ ನೋಡಿ. ಮೊದಲ ಹತ್ತು ಸಾಲು ಅರಸನ ಶೌರ್ಯ: ಆತ ಶತ್ರುಗಳೆಂಬ ಆನೆಗಳಿಗೆ ಸಿಂಹ, ಶರಣಾದವರಿಗೆ ವಜ್ರದ ಗೋಡೆ. ಹನ್ನೊಂದನೆಯ ಸಾಲಿಗೆ ಮೆಲ್ಲಗೆ ಬರುತ್ತದೆ, ಕೆರೆಯ ಕೆಳಗೆ ದಾನವಾಗಿ ಸಿಕ್ಕ ಗದ್ದೆಯ ಎಲ್ಲೆಕಟ್ಟು. ನೀರಿಗಾಗಿ ಹೊಗಳುವ ವಿದ್ಯೆಯನ್ನು ನಾವು ಕಲ್ಲಿನಲ್ಲೇ ಕಲಿತವರು.

ಆ ವಿದ್ಯೆಯನ್ನು ನಾನೂ ಒಮ್ಮೆ ಪ್ರಯೋಗಿಸಿದೆ. ಆ ಬೇಸಿಗೆ ನನ್ನ ಶೇಂಗಾ ಹೂ ಬಿಟ್ಟಿತ್ತು. ನನ್ನ ಪಾಳಿ ಬರಲು ಇನ್ನೂ ಆರು ದಿನವಿತ್ತು. ಸೈಕಲ್ ಹತ್ತಿ ಗೇಟಿಗೆ ಹೋದೆ. ಮರೆಪ್ಪ ಬೇವಿನ ನೆರಳಿನಲ್ಲಿ ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಗೇಟಿನ ತಿರುಪಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ನೀರಿನ ಸುದ್ದಿ ಎತ್ತಲಿಲ್ಲ. ಯಾದಗಿರಿಯ ಫೈನಲಿನಲ್ಲಿ ಅವನು ಎಡಗಡೆಯಿಂದ ನುಗ್ಗಿ ಇಬ್ಬರನ್ನು ದಾಟಿ ಹೊಡೆದ ಗೋಲನ್ನು ವರ್ಣಿಸತೊಡಗಿದೆ. ಕನ್ನಡ ಮೇಷ್ಟ್ರ ವರ್ಣನೆ ಎಂದ ಮೇಲೆ ಕೇಳಬೇಕೆ, ಮಿಂಚು ಬಂತು, ಗರುಡ ಬಂತು, ಬಿಲ್ಲಿನಿಂದ ಬಿಟ್ಟ ಬಾಣವೂ ಬಂತು. ಅವನು ಕೊನೆಯ ತನಕ ಕೇಳಿ, ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡ.

"ಛಲೋ ಹೇಳಿದ್ರಿ ಮಾಸ್ತರ್ರ. ಆದ್ರ ಆ ದಿನ ನಾ ಆಡಿದ್ದಿಲ್ರಿ. ಕಾಮಾಲಿ ಆಗಿ ಮನ್ಯಾಗ ಮಲಗಿದ್ದೆ."

ನನಗೆ ಅಲ್ಲಿಗೇ ಸುಮ್ಮನಾಗಲು ಆಗಲಿಲ್ಲ. "ಹಂಗಾರ ಆ ಗೋಲ್ ಯಾರು ಹೊಡದ್ರು?" ಎಂದೆ.

"ಯಾರೂ ಹೊಡಿಲಿಲ್ರಿ. ಆ ದಿನ ನಾವು ಸೋತ್ವಿ." ಅವನು ಎಣ್ಣೆಯ ಡಬ್ಬಿ ಮುಚ್ಚಿದ. "ನೀರು ನಿಮ್ಮ ಪಾಳಿಗೆ ಬರ್ತದ. ಕುಂದರ್ರಿ, ಚಾ ಕುಡಿಯೂಣು."

ಆರನೆಯ ದಿನ ಬೆಳಗ್ಗೆ ನೀರು ಬಂತು. ಒಂದು ತಾಸು ಮೊದಲಲ್ಲ, ಒಂದು ತಾಸು ತಡವಲ್ಲ. ಮೇಲಿನ ಹೊಲದವರು ಕಾಲುವೆಗೆ ಕಲ್ಲು, ಮುಳ್ಳಿನ ಕಂಟಿ ಒತ್ತರಿಸಿ ನೀರು ತಿರುವಿಕೊಳ್ಳುತ್ತಿದ್ದರೆ ಮರೆಪ್ಪ ಕುಂಟುತ್ತ ನಡೆದುಹೋಗಿ ಒಂದೊಂದನ್ನೂ ಕಿತ್ತುಹಾಕಿ ಬರುತ್ತಿದ್ದ ಎಂಬುದು ಆಗ ನನಗೆ ತಿಳಿಯಿತು. ನನ್ನ ಹೊಗಳಿಕೆ ಅಂದು ನಿಂತಿತು, ನಮ್ಮ ಸ್ನೇಹ ಅಂದಿನಿಂದ ಶುರುವಾಯಿತು. ರವಿವಾರಗಳಂದು ಆ ಬೇವಿನ ಕೆಳಗೆ ಹೋಗಿ ಕೂತುಬಿಡುತ್ತಿದ್ದೆ.

ಒಂದು ರವಿವಾರ ಅವನು ತಾನಾಗಿಯೇ ಹೇಳಿದ: "ಯಾರಿಗೆ ನನ್ನ ಆಟ ನೆನಪದ, ಯಾರಿಗೆ ಈ ಗೇಟ್ ನೆನಪದ, ನನಗ ತಿಳಿಯಂಗಿಲ್ರಿ ಮಾಸ್ತರ್ರ. ಒಬ್ಬಾವ ಬಂದು ಗೋಲಿನ ಮಾತು ತಗದ್ರ ಸಾಕು, ನನ್ನ ಕೈ ತಾನ ಹೋಗಿ ಕಿಸೇದಾಗಿನ ಚಾವಿ ಮುಟ್ಟಿ ನೋಡ್ತದ."

ನಾನು ನಗಬೇಕೆಂದಿದ್ದೆ. ಆಗಲೂ ಅವನ ಕೈ ಕಿಸೆಯ ಮೇಲೇ ಇತ್ತು. ಹನ್ನೊಂದು ವರ್ಷ ಮೈಮುರಿದು ಆಡಿದವನಿಗೆ ತನ್ನ ಆಟ ನಿಜವಾಗಿ ಯಾರ ಎದೆಯಲ್ಲಾದರೂ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದಿರುವುದು ಸಣ್ಣ ಸಂಕಟವಲ್ಲ.

ಅವನು ನಿವೃತ್ತನಾಗುವ ವರ್ಷ ನಾನೊಂದು ಸಭೆ ಮಾಡೋಣವೆಂದೆ. ದೊಡ್ಡವರ ಭಾಷಣ ಬೇಡ, ಅವನ ಆಟ ನೋಡಿದವರು ಬಂದು ತಮ್ಮ ತಮ್ಮ ನೆನಪು ಹೇಳಲಿ. ಮರೆಪ್ಪ ಒಂದು ಷರತ್ತು ಹಾಕಿದ.

"ಮಾಡ್ರಿ. ಆದ್ರ ಚಾವಿ ಕೊಟ್ಟು ಎರಡ ತಿಂಗಳಾದ ಮ್ಯಾಲ ಮಾಡ್ರಿ. ಆವಾಗ ಯಾರ್ಯಾರು ಬರ್ತಾರ ನೋಡೂಣು."

ಒಪ್ಪಿಕೊಂಡ ಮೇಲೆ, ಯಾರೂ ಬರದಿದ್ದರೆ ಎಂಬ ಅಳುಕು ನನಗೆ ಹತ್ತಿತು. ಅವನ ಜಾಗಕ್ಕೆ ಬಂದ ಹೊಸ ಹುಡುಗ ಕಾಲೇಜಿನಲ್ಲಿದ್ದಾಗ ಕಬಡ್ಡಿ ಆಡಿದ್ದನಂತೆ. ಹದಿನೈದು ದಿನದೊಳಗೆ ಕಾಲುವೆಯ ಎರಡೂ ದಂಡೆಗೆ ಕಬಡ್ಡಿಯ ಹಳೆಯ ಅಭಿಮಾನಿಗಳು ಎದ್ದುನಿಂತರು. ಮರೆಪ್ಪನಿಂದ ಏಳು ಗೋಲು ಹೊಡೆಸಿದ್ದ ಅದೇ ಭತ್ತದ ರೈತ ಚಹಾದಂಗಡಿಯಲ್ಲಿ, "ಎಷ್ಟ ಆದ್ರೂ ನಮ್ಮ ಮಣ್ಣಿನ ಆಟ ಅಂದ್ರ ಕಬಡ್ಡಿನೇ ಅಲ್ರೀ" ಎಂದು ನನ್ನನ್ನೇ ಕೇಳಿದ.

ಸಭೆಯನ್ನು ನಮ್ಮ ಶಾಲೆಯ ಮೈದಾನದಲ್ಲಿ ಒಂದು ರವಿವಾರ ಬೆಳಗ್ಗೆ ಇಟ್ಟುಕೊಂಡೆವು. ನೂರು ಜನಕ್ಕೆ ಮಂಡಕ್ಕಿಯ ಸೂಸ್ಲಾ, ಮಿರ್ಚಿ ಮಾಡಿಸಿದ್ದೆ. ಮರೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೆಂಡತಿ ನಾಗಮ್ಮನೊಂದಿಗೆ ಹತ್ತು ಗಂಟೆಗೆ ಸರಿಯಾಗಿ ಬಂದ. ಖಾಲಿ ಕುರ್ಚಿಗಳನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದ. ಹನ್ನೊಂದಾದರೂ ಬಂದವರು ಹದಿನಾಲ್ಕು ಜನ.

"ಇವತ್ತ ಸಂತಿ ಅಲ್ಲೇನ್ರಿ, ಜನ ಆ ಕಡಿ ಹೋಗ್ಯಾರ" ಎಂದೆ ನಾನು.

"ಸಂತಿ ಮಂಗಳವಾರ ಅದರಿ ಮಾಸ್ತರ್ರ" ಎಂದರು ನಾಗಮ್ಮ.

ಬಂದವರಲ್ಲಿ ಒಬ್ಬ ಹಳೆಯ ಡ್ರೈವರ್ ಇದ್ದ, ಫೋಟೊ ಅಂಟಿಸಿದ್ದ ಕ್ಷೌರದಂಗಡಿಯವನಿದ್ದ. ಸಭೆ ಶುರುವಾಗಲೇಬೇಕಿತ್ತು. ಒಂದು ಶಾಲು ಹೊದಿಸಿದೆ. ಮೊದಲು ನಾನೇ ಎದ್ದು ಕಾಮಾಲೆಯ ಕತೆ ಹೇಳಿ ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಂಡೆ. ಹದಿನಾಲ್ಕೂ ಜನ ನಕ್ಕರು. ಮರೆಪ್ಪ ತುಟಿ ಅಗಲಿಸಿದ, ಅಷ್ಟೆ. ಅವನ ಕಣ್ಣು ಶಾಲೆಯ ಗೇಟಿನ ಕಡೆಗೇ ಇತ್ತು.

ಆಮೇಲೆ ಎದ್ದವನು ಸುರಪುರದ ಖಾಜಾ. ಈಗ ದರ್ಜಿ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಆ ಕಾಲದಲ್ಲಿ ಸುರಪುರ ತಂಡದ ಗೋಲ್‌ಕೀಪರ್.

"ಇವನ ಆಟ ನೀವೆಲ್ಲ ಬಾಜೂಕ ನಿಂತು ನೋಡೀರಿ" ಎಂದ ಅವನು. "ನಾ ಎದುರಿಗೆ ನಿಂತು ನೋಡೀನಿ. ಇವ ಬರಾಕತ್ತಾನ ಅಂದ್ರ ಯಾವ ಕಡಿ ಹಾರಬೇಕೋ ನನಗ ತಿಳೀತಿದ್ದಿಲ್ಲ. ಇವನ ಕಡಿಂದ ಒಂಬತ್ತು ಗೋಲ್ ತಿಂದೀನಿ. ಒಂಬತ್ತೂ ಹೇಳ್ತೀನಿ, ಕೇಳ್ರಿ."

ಹೇಳಿದ. ಯಾವುದು ಯಾವ ಊರಿನಲ್ಲಿ, ಯಾವ ಮೂಲೆಗೆ, ಬಿಸಿಲು ಯಾರ ಕಣ್ಣಿಗಿತ್ತು, ತಾನು ಯಾವ ಕಡೆ ಹಾರಿ ಮೋಸಹೋದೆ, ಎಲ್ಲವನ್ನೂ. ಮಿಂಚಿಲ್ಲ, ಗರುಡನಿಲ್ಲ. ಮೂರನೆಯದನ್ನು ತಡೆಯಲು ಹೋಗಿ ಸೊಟ್ಟಗಾದ ಬೆರಳನ್ನು ಎತ್ತಿ ತೋರಿಸಿದ. ಅಷ್ಟು ಹೊತ್ತಿಗೆ ಮರೆಪ್ಪ ಗೇಟಿನ ಕಡೆ ನೋಡುವುದನ್ನು ಬಿಟ್ಟಿದ್ದ. ಆರನೆಯ ಗೋಲಿಗೆ ಬಂದಾಗ ಅವನು ಬಾಯಿ ಹಾಕಿದ.

"ಅದು ಎಡಗಾಲ ಅಲ್ಲೋ ಖಾಜಾ, ಬಲಗಾಲ."

"ಎಡಗಾಲ. ನನಗ ಗೊತ್ತಿಲ್ಲೇನು? ಹೊಡದಾಂವ ಮರೀತಾನ, ತಿಂದಾಂವ ಮರ್ಯಾಂಗಿಲ್ಲ."

ಮರೆಪ್ಪ ಕುರ್ಚಿಯ ಕೆಳಗೆ ಎರಡೂ ಪಾದಗಳನ್ನು ಮೆಲ್ಲಗೆ ಹಿಂದೆಮುಂದೆ ಆಡಿಸಿ ನೋಡಿಕೊಂಡ. "ಹೌದು, ಎಡಗಾಲ" ಎಂದು ಒಪ್ಪಿಕೊಂಡ. ಆಗ ಅವನ ಮುಖದಲ್ಲಿ ಬಂದ ಬೆಳಕನ್ನು ವರ್ಣಿಸುವ ಧೈರ್ಯ ನನಗಿಲ್ಲ, ವರ್ಣನೆಯಲ್ಲಿ ಒಮ್ಮೆ ಪೆಟ್ಟು ತಿಂದವನು ನಾನು.

ಕೊನೆಗೆ ಎದ್ದವಳು ಚಂದ್ರಮ್ಮ. ನನ್ನ ಹೊಲದ ಮಗ್ಗುಲಲ್ಲಿ ಎರಡು ಎಕರೆ ಇರುವ ಮುದುಕಿ. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಎಲ್ಲರಿಗೂ ಜೈಭೀಮ್ ಹೇಳಿ ಸೆರಗು ಸರಿಮಾಡಿಕೊಂಡಳು.

"ನಾ ಆಟ ನೋಡಿಲ್ರಿ. ಚೆಂಡು ಅಂದ್ರ ನನಗ ಚೆಂಡುಹೂವ ಗೊತ್ತು. ಇಪ್ಪತ್ತ ವರ್ಷ ನನ್ನ ಹೊಲಕ್ಕ ಪಾಳಿ ತಪ್ಪಿಲ್ಲ, ಅದು ಗೊತ್ತು. ತುದಿ ಹೊಲದಾಕಿ ನಾನು, ಮ್ಯಾಲಿನವರ ಸಂಗಾಟ ಜಗಳಾಡೋ ಶಕ್ತಿ ನನಗಿಲ್ಲ. ನನ್ನ ಜಗಳ ಇವರ ಆಡ್ಯಾರ. ಈಗ ಇವರ ಕಡಿ ಚಾವಿ ಇಲ್ಲ ಅಂತ ಗೊತ್ತದ. ಹೇಳಿ ಹೋಗೂಣಂತ ಬಂದೀನಿ."

ಅವಳು ಕೂತಳು. ಮರೆಪ್ಪ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಆಟ ಬೇರೆ, ಗೇಟು ಬೇರೆ ಎಂದು ಅವನು ಅಷ್ಟು ವರ್ಷ ಮಾಡಿಕೊಂಡು ಬಂದಿದ್ದ ಪಾಲು ಅವನಿಗೇ ತಪ್ಪೆನಿಸಿತೋ ಏನೋ, ನಾನು ಕೇಳಲಿಲ್ಲ. ನಾಗಮ್ಮ ಎದ್ದು ಹೋಗಿ ಚಂದ್ರಮ್ಮನ ತಟ್ಟೆಗೆ ಇನ್ನೆರಡು ಮಿರ್ಚಿ ಹಾಕಿ ಅವಳ ಪಕ್ಕದಲ್ಲೇ ಕೂತರು.

ಸೂಸ್ಲಾ ನೂರು ಜನರದ್ದು, ತಿನ್ನುವವರು ಹದಿನಾಲ್ಕು. ಎಲ್ಲರೂ ಎರಡೆರಡು ಸಲ ತಿಂದು ಮೈ ಭಾರ ಮಾಡಿಕೊಂಡಾಗ ಖಾಜಾ ಕೊರಳಿನ ಅಳತೆಪಟ್ಟಿ ತೆಗೆದು ಕುರ್ಚಿಯ ಮೇಲಿಟ್ಟ. "ಒಂದ ಚೆಂಡ ತರಸ್ರಿ ಮಾಸ್ತರ್ರ" ಎಂದ. ಮರೆಪ್ಪ ಚಪ್ಪಲಿ ಬಿಟ್ಟ. "ಬ್ಯಾಡ್ರಿ, ಕಾಲು ಬಾತ್ಕೋತದ" ಎಂದು ನಾಗಮ್ಮ ಅಂದದ್ದು ಅವನಿಗೆ ಕೇಳಲೇ ಇಲ್ಲ.

ಅರವತ್ತು ದಾಟಿದ ಇಬ್ಬರು ಮೈದಾನದ ಗೋಲುಕಂಬದ ಮುಂದೆ ಎದುರುಬದುರು ನಿಂತರು. ಮರೆಪ್ಪ ನಾಲ್ಕು ಹೆಜ್ಜೆ ಕುಂಟುತ್ತ ಓಡಿಬಂದು ಒದ್ದ. ಖಾಜಾ ಹಳೆಯ ರೂಢಿಯಂತೆ ಎಡಕ್ಕೆ ಜಿಗಿದು ಬಿದ್ದ. ಚೆಂಡು ಅವಸರವೇನೂ ಇಲ್ಲದೆ ಬಲಗಡೆಯಿಂದ ಉರುಳಿಕೊಂಡು ಒಳಗೆ ಹೋಯಿತು. ಹತ್ತನೆಯ ಗೋಲು. ಎಲ್ಲರೂ ನಕ್ಕರು, ಬಿದ್ದವನೂ ನಕ್ಕ. ಮಣ್ಣು ಕೊಡವಿಕೊಂಡು ಎದ್ದು, "ಇನ್ನೊಂದ" ಎಂದ.

ಎರಡನೆಯ ಸಲ ಖಾಜಾ ಜಿಗಿಯಲಿಲ್ಲ. ಚೆಂಡು ನೆಟ್ಟಗೆ ಅವನ ಕಡೆಗೇ ಬಂತು. ಬಾಗಿ ಹಿಡಿದುಕೊಂಡ. ಹಿಡಿದವನು ಅದನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮರೆಪ್ಪ ಕುಂಟುತ್ತ ಹೋಗಿ, ನಾನು ಹೊದಿಸಿದ್ದ ಶಾಲನ್ನು ತೆಗೆದು ಅವನ ಹೆಗಲಿಗೆ ಹಾಕಿದ.

ಹೊರಡುವಾಗ ಮರೆಪ್ಪ, ನಾಗಮ್ಮ, ನಾನು ಬಸ್‌ಸ್ಟ್ಯಾಂಡಿನ ಕಡೆಗೆ ನಿಧಾನವಾಗಿ ನಡೆದೆವು. ನನಗೊಂದು ಅನುಮಾನ ಕಾಡುತ್ತಿತ್ತು.

"ಎರಡನೇದು ಬೇಕಂತ ಮೆಲ್ಲಕ ಒದ್ದೆ ಹೌದಿಲ್ಲೋ ಮರೆಪ್ಪಣ್ಣ?"

"ಇಲ್ರಿ ಮಾಸ್ತರ್ರ." ಅವನು ನಿಂತ. "ಇದ್ದಷ್ಟ ಜೋರು ಹಾಕೇ ಒದ್ದೀನಿ."

ಹಾಗೆಂದವನು ಒಂದು ಗಳಿಗೆ ಬಿಟ್ಟು ನಗತೊಡಗಿದ. ಲೈಟಿನ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ತಟ್ಟನೆ ಗಂಭೀರನಾದ. "ಖಾಜಾಗ ಹೇಳಿ ಬರ್ರಿ. ಇಲ್ಲಾಂದ್ರ ನಾ ಬೇಕಂತ ಬಿಟ್ಟೀನಿ ಅಂತ ತಿಳ್ಕೋತಾನ. ಅವ ಹಿಡದದ್ದು ಖರೇನ."

ನಾನು ಮೈದಾನಕ್ಕೆ ತಿರುಗಿ ಬಂದೆ. ಖಾಜಾ ಶಾಲನ್ನು ದರ್ಜಿಯ ಅಚ್ಚುಕಟ್ಟಿನಿಂದ ಮಡಿಚುತ್ತಿದ್ದ. ಮರೆಪ್ಪ ಹೇಳಿಕಳಿಸಿದ್ದನ್ನು ಹೇಳಿದೆ.

"ಅವ ಹೇಳಬೇಕೇನ್ರಿ, ನನಗ ಗೊತ್ತಿಲ್ಲೇನು" ಎಂದು ಖಾಜಾ ಬಲಗೈಯನ್ನು ನನ್ನ ಮುಂದೆ ಚಾಚಿದ. "ನೋಡ್ರಿ, ಅಂಗೈ ಇನ್ನೂ ಉರಿಯಾಕತ್ತದ."

ನಾನು ಬಾಗಿ ನೋಡಿದೆ. ಕತ್ತರಿ ಹಿಡಿದು ಗಟ್ಟಿಯಾದ, ಬೆಳ್ಳಗೆ ಒಣಗಿದ ಅಂಗೈ. ಕನ್ನಡಕ ಮೇಲೇರಿಸಿಕೊಂಡು ಇನ್ನೊಮ್ಮೆ ನೋಡಿದೆ, ಹಾಗೇ ಬೆಳ್ಳಗಿತ್ತು.

"ಹೌದಲ್ಲೋ, ಕೆಂಪಗಾಗ್ಯಾದ" ಎಂದೆ.