ಪರಿಮಳಾ ಕಳಿಸಿದ ಇನ್ನೂರು ಬೋರ್ಡು

ಅಕ್ಷರ ಸೊಟ್ಟಗಿದೆ, ಪದಗಳೂ ಸಾಲವು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಕೈಯ ಬರಹವೆಂದು ಓದುವವರು ಕ್ಷಮಿಸಬೇಕು. ಪರಿಮಳಾಳ ವಿಷಯವನ್ನು ಮಾತ್ರ ನಡೆದ ಹಾಗೇ ಬರೆದಿದೆ.

ಪರಿಮಳಾ ನಂದೊಳ್ಳಿಯವಳು, ಇಪ್ಪತ್ತಾರು ವರ್ಷ. ಶಿರಸಿಯಲ್ಲಿ ಪ್ರಮೋದನದೊಂದು ಶೆಡ್ಡು ಇದೆ. ಹಂದಿ ಬರದಂತೆ ಬೇಲಿಗೆ ಶಾಕ್ ಕೊಡುವ ಝಟ್ಕಾ ಮಶೀನು ಅಲ್ಲಿ ತಯಾರಾಗುತ್ತದೆ. ಅವಳು ಅಲ್ಲಿ ಆರು ವರ್ಷ ಬೆಸುಗೆ ಹಾಕಿದಳು. ಊಟದ ಬಿಡುವಿನಲ್ಲಿ ಶೆಡ್ಡಿನ ಒಂದೇ ಕಂಪ್ಯೂಟರಿನ ಮುಂದೆ ಕೂತು, ಮಶೀನಿನೊಳಗಿನ ಸರ್ಕಿಟ್ ಬೋರ್ಡಿನ ನಕ್ಷೆಯನ್ನು ಬೋರ್ಡು ಮಾಡುವ ಕಾರ್ಖಾನೆಗೆ ಬೇಕಾದ ಫೈಲು ಮಾಡುವುದನ್ನು ತಾನೇ ಕಲಿತಳು. ತಾಮ್ರದ ಗೆರೆಗೊಂದು ಫೈಲು, ತೂತಿಗೊಂದು, ಹಸಿರು ಲೇಪಕ್ಕೊಂದು, ಬಿಳಿ ಅಕ್ಷರಕ್ಕೊಂದು. ಎಲ್ಲವನ್ನೂ ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು, ತೂತು ಸರಿಯಾದ ಜಾಗದಲ್ಲೇ ಬಿದ್ದಿದೆಯೇ ಎಂದು ಮೂರು ಸಲ ನೋಡುವಳು. ಹೋದ ವರ್ಷ ಕಂಪ್ಯೂಟರಿನ ಮುಂದಿನ ಆ ಕುರ್ಚಿ ಅವಳದಾಯಿತು. ಅದು ಉಳಿದರೆ ಸಾಕಿತ್ತು ಅವಳಿಗೆ.

ಪ್ರಮೋದ ಮೊದಲು ಶೆಡ್ಡಿನಲ್ಲೇ ಬೋರ್ಡು ಮಾಡುತ್ತಿದ್ದವನು. ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದಕ್ಕೆ ಪ್ರಿಂಟು ತೆಗೆಯುವುದು, ಅದನ್ನು ತಾಮ್ರದ ತಗಡಿನ ಮೇಲೆ ಕವುಚಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತುವುದು. ಕವುಚಿದಾಗ ತಿರುಗಿದ್ದು ನೆಟ್ಟಗಾಗುತ್ತಿತ್ತು.

ಈ ಸಲ ಇನ್ನೂರು ಬೋರ್ಡಿನ ಫೈಲು ಹೋಗುವ ದಿನ ಅವನು ಬಂದು ಪರದೆ ನೋಡಿದ.

"ತಿರುಗ್ಸಿದ್ಯನೇ?"

"ಇಲ್ಲೆ ಪ್ರಮೋದಣ್ಣ. ಕಾರ್ಖಾನೇಲಿ ಇಸ್ತ್ರಿ ಕೆಲಸ ಇಲ್ಲೆ. ಇದ್ದ ಹಾಂಗೇ ಕಳ್ಸವು."

"ಹೋ! ಎಸ್ಸೆಸ್ಸೆಲ್ಸಿ ಮೂರು ಸಲ ಬರೆದ ಇಂಜಿನಿಯರಮ್ಮ!" ಪ್ರಮೋದ ಎಲ್ಲರ ಕಡೆ ತಿರುಗಿದ. "ಇಪ್ಪತ್ತು ವರ್ಷ ಇಸ್ತ್ರಿ ಒತ್ತಿದ್ದು ಆನು, ನಿನ್ನಜ್ಜ ಅಲ್ಲ. ತಿರುಗ್ಸು, ಕಳ್ಸು."

ಬೆಸುಗೆಯ ಬೆಂಚಿನವರೆಲ್ಲ ನಕ್ಕರು. ಪರಿಮಳಾ ತಿರುಗಿಸಿ, ತನ್ನ ಹೆಸರಿನಲ್ಲೇ ಕಳಿಸಿದಳು.

ಮೂರು ವಾರಕ್ಕೆ ಬೋರ್ಡು ಬಂತು. ಅಕ್ಷರವೆಲ್ಲ ಆಂಬುಲೆನ್ಸಿನ ಮೂತಿಯ ಮೇಲಿನ ಹಾಗೆ ಉಲ್ಟಾ. ಹುಲಗೋಳದ ಬಸಪ್ಪ ಆಗಲೇ ಬಾಗಿಲಲ್ಲಿ ನಿಂತಿದ್ದ.

"ನನ್ನ ಮಶೀನ್ ಎಲ್ರಿ? ಹಂದಿ ಗದ್ದೆ ಉತ್ತು ಹಾಕ್ಯಾವ."

"ಇವಳನ್ನೇ ಕೇಳು. ಕಳಿಸಿದವಳ ಹೆಸರು ಇಲ್ಲೇ ಇದೆ," ಎಂದು ಪ್ರಮೋದ ಕಾರ್ಖಾನೆಯ ಕಾಗದ ಮುಂದೆ ಹಿಡಿದ.

ಬಸಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೆಣ್ಮಕ್ಕಳ ಕೈಗೆ ಯಾಕ್ ಕೊಡ್ತೀರಿ ಇಂಥಾದ್ದು?"

ಅವನು ಹೋದ ಮೇಲೆ ಪ್ರಮೋದ ಉಪಾಯ ಹೇಳಿದ. ಬೋರ್ಡು ಉಲ್ಟಾ ಇದ್ದರೆ ಅದರ ಮೇಲೆ ಕೂರುವ ಐಸಿ ಚಿಪ್ಪನ್ನೂ ಅಂಗಾತ ಮಲಗಿಸಿ ಹಚ್ಚಬೇಕು. ಅದರ ಕಾಲುಗಳನ್ನು ಹಿಂದಕ್ಕೆ ಬಗ್ಗಿಸಬೇಕು. "ಇನ್ನೂರೂ ಮುಗ್ಸು. ಕುರ್ಚಿ ನಿಂದೇ."

ಕಡಲೆಬೇಳೆಯಷ್ಟು ಐಸಿ, ಒಂದೊಂದಕ್ಕೆ ಎಂಟು ಕಾಲು. ಚಿಮಟಿಯಲ್ಲಿ ಹಿಡಿದು ಬಗ್ಗಿಸಬೇಕು. ಒಂದು ಮುರಿದರೆ ಆ ಐಸಿ ಕಸಕ್ಕೆ, ಮತ್ತೊಂದು. ನಾಲ್ಕನೇ ದಿನಕ್ಕೆ ಹೆಬ್ಬೆರಳಿನ ಚರ್ಮ ಸುಲಿಯಿತು. ಬಟ್ಟೆ ಸುತ್ತಿದರೆ ಹಿಡಿತ ತಪ್ಪುತ್ತಿತ್ತು, ಬಿಚ್ಚಿಯೇ ಮಾಡಿದಳು.

ಪಕ್ಕದ ಗಂಗೆ ಪಿಸುಗುಟ್ಟಿದಳು. "ತಿರುಗ್ಸು ಅಂದದ್ದು ಅವರೇ ಅಲ್ದ ಮಾರಾಯ್ತಿ? ಹೇಳೇ."

"ನೀನೂ ಕೇಳಿದ್ಯಲೆ. ನೀನೇ ಹೇಳು."

ಗಂಗೆ ಬೆಸುಗೆಗೆ ತಲೆ ತಗ್ಗಿಸಿದಳು. ಮತ್ತೆ ಆ ಮಾತೆತ್ತಲಿಲ್ಲ.

ಹನ್ನೆರಡನೇ ದಿನ ಇನ್ನೂರೂ ಮುಗಿದವು, ಇನ್ನೂರೂ ಶಾಕ್ ಹೊಡೆದವು. ಪರಿಮಳಾ ಕೈ ತೊಳೆದು ಕಂಪ್ಯೂಟರಿನ ಹತ್ತಿರ ಹೋದಳು. ಕುರ್ಚಿಯಲ್ಲಿ ಪ್ರಮೋದನ ಅಣ್ಣನ ಮಗಳು ಅನುಶ್ರೀ ಕೂತಿದ್ದಳು.

"ಕಂಪ್ಯೂಟರಿಗೆ ಜನ ಸಿಕ್ತು ತಂಗಿ. ಕಾಲು ಬಗ್ಗಿಸೋ ಇಂಥಾ ಕೈ ಎಲ್ಲಿ ಸಿಗ್ತು?" ಎಂದ ಪ್ರಮೋದ.

ಅನುಶ್ರೀ ಕೇಳಿದಳು: "ಚಿಕ್ಕಪ್ಪ, ಈ ಫೈಲು ತಿರುಗ್ಸವಾ?"

"ಎಂತಕ್ಕೆ? ಕಾರ್ಖಾನೆಗೆ ಯಾರಾದ್ರೂ ತಿರುಗ್ಸಿ ಕಳಿಸ್ತಾರನೇ? ಇದ್ದ ಹಾಂಗೇ ಕಳ್ಸು."

ಬೆಂಚಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಸೋಮವಾರದಿಂದ ಪರಿಮಳಾ ದಿನಾ ಎಂಟೂವರೆಗೆ ಶೆಡ್ಡಿಗೆ ಹೋಗಿ, ಗಂಗೆಯ ಪಕ್ಕದಲ್ಲಿ ಕೂತು, ಅನುಶ್ರೀ ಕಳಿಸಿದ ಬೋರ್ಡುಗಳು ಬರುವ ತನಕ ಹಳೆಯ ಮಶೀನುಗಳಿಗೆ ಬೆಸುಗೆ ಹಾಕುತ್ತಾಳೆ.