ಅಂಗಳದಲ್ಲೇ ನಡೆದ ಸರ್ವೆ

ನನ್ನ ತಂಗಿ ಸುಜಾತ ಯಾರ ಮನೆಯ ಒಳಗೂ ಹೋಗುವುದಿಲ್ಲ. ಜಂಬವಲ್ಲ, ಮೆಟ್ಟಿಲು!

ಚಿಕ್ಕಂದಿನಲ್ಲೇ ಪೋಲಿಯೋ ಆದವಳು. ಈಗ ಸೈಡ್ ವೀಲ್ ಹಾಕಿಸಿದ ಸ್ಕೂಟರಿನಲ್ಲಿ ಕಾಪುವಿನಿಂದ ಕಾರ್ಕಳದವರೆಗೆ ಸುತ್ತಿ, ಯಾವ ಮನೆಯಲ್ಲಿ ಯಾರಿಗೆ ನಡೆಯಲು, ನೋಡಲು, ಕೇಳಲು ಕಷ್ಟ ಎಂದು ಸರ್ವೆ ಮಾಡುತ್ತಾಳೆ. ಮೆಟ್ಟಿಲು ಹತ್ತಲಾಗದವಳಿಗೆ ಮನೆ ಮನೆ ತಿರುಗುವ ಕೆಲಸವೇ? ನನಗೂ ಹಾಗೇ ಅನಿಸಿತ್ತು. ಕಳೆದ ಭಾನುವಾರ ನಾನೂ ನನ್ನ ಸ್ಕೂಟಿಯಲ್ಲಿ ಅವಳ ಹಿಂದೆ ಹೊರಟೆ. (ಅಂಕಣಕ್ಕೆ ವಿಷಯವೂ ಬೇಕಿತ್ತು ಅನ್ನಿ.)

ಕಾರ್ಕಳದ ಹತ್ತಿರ ಒಂದು ಮನೆ. ಇವಳು ಅಂಗಳದಿಂದಲೇ ಹಾರ್ನ್ ಹೊಡೆದಳು. ಮನೆಯಾಕೆ ಹೊರಗೆ ಬಂದು ಒಳಗೆ ಕರೆದರು. ಎತ್ತಿಕೊಳ್ಳಲೇ ಎಂದು ನಾನು ಮುಂದಾದರೆ ತಂಗಿ ಕಣ್ಣಲ್ಲೇ ಗದರಿದಳು. ಬಂದವರಿಗೆ ನೀರು ಬೆಲ್ಲ ಕೊಡದೆ ಕಳಿಸುವುದುಂಟೆ? ಆಕೆಯೇ ತಟ್ಟೆ ಹಿಡಿದು ಕೆಳಗಿಳಿದು ಬಂದರು. (ಮಾತೆಲ್ಲ ತುಳುವಿನಲ್ಲಿ. ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.)

ಮನೆಯಲ್ಲಿ ಇರುವುದು ಗಂಡ, ತಾನು, ಮದುವೆಯ ವಯಸ್ಸಿಗೆ ಬಂದ ಮಗಳು ಅಷ್ಟೇ. ಯಾರಿಗೂ ಏನೂ ತೊಂದರೆಯಿಲ್ಲ ಎಂದರು. ಸುಜಾತ ತಲೆಯಾಡಿಸುತ್ತಾ ಬೆಲ್ಲ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ಮಾತ್ರ ಮೆಟ್ಟಿಲ ಬದಿಯಲ್ಲಿತ್ತು. ಅಲ್ಲಿ ಬಿಸಿಲಿಗೆ ಒಂದು ಕ್ಯಾಲಿಪರ್ ಒಣಗುತ್ತಿತ್ತು, ಮಗುವಿನ ಕಾಲಿಗೆ ಕಟ್ಟುವಂಥದ್ದು. ಅಂಥದ್ದನ್ನು ಕಟ್ಟಿಕೊಂಡೇ ಶಾಲೆ ಕಲಿತವಳಿಗೆ ಗುರುತು ಸಿಗುವುದಿಲ್ಲವೇ? ಒಳಗೆ ಚಾವಡಿಯಲ್ಲಿ ಕೂತಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

"ಇದು ಯಾರದ್ದು?" ಎಂದು ಮೆಲ್ಲಗೆ ಕೇಳಿದಳು.

ದೊಡ್ಡವಳಿಗೆ ಸಂಬಂಧ ನೋಡುತ್ತಿದ್ದಾರಂತೆ. ಚಿಕ್ಕವಳ ವಿಷಯ ಹೊರಗೆ ಹೋದರೆ ಕಷ್ಟ ಎಂದು ಆಕೆ ಬಾಯಿಬಿಟ್ಟರು. ಆ ಮಗುವಿಗೆ ವ್ಯಾಯಾಮ ಮಾಡಿಸಲು ಸೊಂಟದ ಮೇಲೆ ಹೊತ್ತುಕೊಂಡು ಮಣಿಪಾಲದ ಬಸ್ಸು ಹತ್ತುತ್ತಾರೆ. ಊರಿನ ಆರೋಗ್ಯ ಕೇಂದ್ರದಲ್ಲಿ ಫಿಸಿಯೋಥೆರಪಿ ಇಲ್ಲ. ಯಾಕಿಲ್ಲ? ಲೆಕ್ಕದ ಪ್ರಕಾರ ಆ ಊರಿನಲ್ಲಿ ಅದು ಬೇಕಾದವರೇ ಇಲ್ಲ!

ಸುಜಾತ ಭಾಷಣ ಬಿಗಿಯಲಿಲ್ಲ. ನನ್ನ ಕಡೆ ಕೈ ತೋರಿಸಿದಳು.

"ಇವಳು ನನ್ನ ಅಕ್ಕ. ಇವಳನ್ನು ನೋಡಲು ಬಂದವರ ಎದುರು ಅಮ್ಮ ನನ್ನನ್ನೂ ಕೂರಿಸಿದ್ದರು. ಮದುವೆ ಎಂತ ನಿಲ್ಲಲಿಲ್ಲ."

(ನಿಲ್ಲಬೇಕಿತ್ತು ಎಂದು ನನ್ನ ಗಂಡ ಆಗಾಗ ಹೇಳುವುದುಂಟು. ಅದು ಬೇರೆ ವಿಷಯ.)

ಆಕೆ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. "ಇವಳನ್ನೂ ಬರೆಯಿರಿ" ಎಂದರು. ಮಗುವಿಗೆ ಬೇಕಾದದ್ದು ಸ್ಕೂಟರಿನ ಹಾರ್ನ್. ತಂಗಿ ಮನಸಾರೆ ಹೊಡೆಯಲು ಬಿಟ್ಟಳು. ಇವಳು ನನ್ನ ತಂಗಿ ಎಂದು ಉಡುಪಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು. ಕೂಗುವ ಬದಲು ಬರೆದಿದ್ದೇನೆ, ಆ ತಾಯಿಯ ಒಪ್ಪಿಗೆ ಕೇಳಿಯೇ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಎಷ್ಟು ಜನ?